ಏರ್‌ಗನ್: ಸ್ಪ್ರಿಂಗು, ಕೊಂತ, ಗಾಳಿಯ ಮೆತ್ತೆ

ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಿಂದಲೂ ಜನ ಸೇರುವ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯಂಥ ಜಾತ್ರೆಗಳಲ್ಲಿ ಬಲೂನಿಗೆ ಗುರಿಯಿಡುವ ಏರ್‌ಗನ್ನನ್ನು ನೀವು ನೋಡಿರಬಹುದು. ಅದರಲ್ಲಿ ಮದ್ದಿಲ್ಲ; ಇರುವುದು ಸ್ಪ್ರಿಂಗು ಮತ್ತು ಕೊಂತ.

1780ರ ಸುಮಾರಿಗೆ ಆಸ್ಟ್ರಿಯದ ಸೈನ್ಯ ಬಳಸಿದ ಗಿರಾರ್ಡೋನಿ ರೈಫಲಿಗೆ ಕೈಪಂಪಿನಿಂದ ಗಾಳಿ ತುಂಬಿಡಬೇಕಿತ್ತು. ಸ್ಪ್ರಿಂಗು ಈ ಶ್ರಮವನ್ನು ತಪ್ಪಿಸಿತು. ಬರ್ಮಿಂಗ್‌ಹ್ಯಾಮಿನ ಲಿಂಕನ್ ಜೆಫ್ರೀಸ್ ರೂಪಿಸಿದ ಸ್ಪ್ರಿಂಗ್ ರೈಫಲನ್ನು 1905ರ ಹೊತ್ತಿಗೆ ಬಿಎಸ್‌ಎ ಕಂಪನಿ ತಯಾರಿಸತೊಡಗಿತು. ಮೂಲತತ್ವ ಇಂದಿಗೂ ಅದೇ.

ಕುದುರೆ ಒತ್ತಿದೊಡನೆ ಸ್ಪ್ರಿಂಗು ಕೊಂತವನ್ನು ಮುಂದೂಡುತ್ತದೆ. ಸೈಕಲ್ ಪಂಪಿನಲ್ಲಿ ಆಗುವಂತೆ ಗಾಳಿ ಸಂಪೀಡನೆಗೊಂಡು ಬಿಸಿಯಾಗುತ್ತದೆ. ಅದರ ಒತ್ತಡ ಸೀಸದ ಗುಂಡನ್ನು ತಳ್ಳುತ್ತದೆ. ಗುಂಡು ತಡೆದು ನಿಲ್ಲಿಸಿದ ಗಾಳಿಯೇ ಕೊಂತಕ್ಕೆ ಮೆತ್ತೆ. ಗುಂಡಿಲ್ಲದೆ ಹಾರಿಸಿದರೆ ಮೆತ್ತೆ ಇಲ್ಲದೆ ಕೊಂತ ಸಿಲಿಂಡರಿನ ತುದಿಗೆ ಅಪ್ಪಳಿಸುತ್ತದೆ. ಹಳೆಯ ಏರ್‌ಗನ್ನುಗಳು ಕೆಡಲು ಇದೊಂದು ಮುಖ್ಯ ಕಾರಣ.

ಆದ್ದರಿಂದ ಹಳೆಯದನ್ನು ಕೊಳ್ಳುವವರು ಹೊಳಪಿಗೆ ಮರುಳಾಗದೆ, ನಳಿಕೆ ನೇರವಾಗಿದೆಯೇ, ಒಳಗೆ ತುಕ್ಕಿದೆಯೇ ಎಂದು ನೋಡಬೇಕು. ಸೋತ ಸ್ಪ್ರಿಂಗನ್ನೂ ಒಣಗಿದ ಚರ್ಮದ ವಾಷರನ್ನೂ ಬದಲಿಸಬಹುದು. ಬಾಗಿದ ನಳಿಕೆಯನ್ನು ಸರಿಪಡಿಸುವುದು ಕಷ್ಟ. ಚರ್ಮಕ್ಕೆ ಒಂದೆರಡು ಹನಿ ಎಣ್ಣೆ ಸಾಕು. ಹೆಚ್ಚಾದರೆ ಡೀಸೆಲ್ ಎಂಜಿನ್ನಿನಲ್ಲಿ ಇಂಧನ ಹೊತ್ತಿಕೊಳ್ಳುವಂತೆ ಎಣ್ಣೆ ಒಳಗೇ ಹೊತ್ತಿಕೊಳ್ಳುತ್ತದೆ. ಸ್ಪ್ರಿಂಗನ್ನು ಎಳೆದೇ ಇಡಬಾರದು, ದುರ್ಬಲವಾದೀತು. ಬಿಚ್ಚುವಾಗ ಅದು ಚಿಮ್ಮಿ ಗಾಯ ಮಾಡಬಲ್ಲದು. ಆ ಕೆಲಸ ನುರಿತವರದು. ಹಕ್ಕಿಗಳತ್ತ ಗುರಿ ಮಾತ್ರ ಬೇಡ.