ಏಳು ಸಾರಿ ಸತ್ತವನ ಪುಸ್ತಕ

ಬೆಂಗೇರಿ ಅಂದ ಕೂಡಲೇ ಹೊರಗಿನವರಿಗೆ ನೆನಪಾಗೋದು ಖಾದಿ ರಾಷ್ಟ್ರಧ್ವಜ. ನನಗೆ ನೆನಪಾಗೋದು ಅಂಡರ್‌ಟೇಕರ್. ತೊಂಬತ್ತರ ದಶಕದಲ್ಲಿ ನಮ್ಮ ಓಣಿಯ ಪ್ರತಿ ಹುಡುಗನ ಕಿಸೆಯಲ್ಲೂ ಡಬ್ಲ್ಯುಡಬ್ಲ್ಯುಎಫ್ ಟ್ರಂಪ್ ಕಾರ್ಡ್ ಇರ್ತಿದ್ವು. ರ‍್ಯಾಂಕ್, ಎತ್ತರ, ತೂಕ, ಎದೆ, ಬೈಸೆಪ್ಸ್, ಆಡಿದ ಕುಸ್ತಿ, ಗೆದ್ದ ಕುಸ್ತಿ. ಅಂಡರ್‌ಟೇಕರ್ ಏಳು ಸಾರಿ ಸತ್ತು ಎದ್ದಾನ ಅನ್ನೋದು ನಮಗೆ ಮಗ್ಗಿಯಷ್ಟೇ ಖಾತ್ರಿ. (1996ರ ‘ಖಿಲಾಡಿಯೋಂ ಕಾ ಖಿಲಾಡಿ’ಯಲ್ಲಿ ಅಕ್ಷಯ್ ಕುಮಾರ್ ಜತೆ ಬಡಿದಾಡಿದ್ದು ಅಸಲಿ ಅಂಡರ್‌ಟೇಕರ್ ಅಲ್ಲ, ಬ್ರಯಾನ್ ಲೀ ಅನ್ನೋ ಬೇರೆ ಪೈಲ್ವಾನ ಅಂತ ಗೊತ್ತಾಗೋ ಹೊತ್ತಿಗೆ ನನಗೆ ನೌಕರಿ ಸಿಕ್ಕಿತ್ತು.)

ಒಮ್ಮೆ ದುರ್ಗದಬೈಲ್ ಕಡೆಯ ರದ್ದಿ ಅಂಗಡಿಯಲ್ಲಿ ಹಳೇ ‘ಪ್ರೊ ರೆಸ್ಲಿಂಗ್ ಇಲ್ಲಸ್ಟ್ರೇಟೆಡ್’ ಸಿಕ್ಕಿತು. ಅಜ್ಜ ಹರೆಯದಲ್ಲಿ ಗರಡಿಮನಿಯ ಮಣ್ಣು ಮೆತ್ತಿಕೊಂಡ ಮನುಷ್ಯ. ಪುಟ ತಿರುವಿ, “ಇವ್ರೆಲ್ಲಾ ಇಷ್ಟುದ್ದ ಕೂದಲಾ ಯಾಕ್ ಬಿಟ್ಟಾರೋ ತಮ್ಮಾ? ಕೂದಲಾ ಹಿಡದ್ರ ಮುಗೀತಲ್ಲ. ಇದು ಮೊದಲ ಮಾತಾಡ್ಕೊಂಡು ಆಡೂ ಕುಸ್ತಿ” ಅಂದ. ಎರಡು ದಿನ ನಾನು ಅಜ್ಜನ ಜೋಡಿ ಮಾತು ಬಿಟ್ಟೆ.

ಆ ಪತ್ರಿಕೆಯ ಬೇರು ‘ದಿ ರಿಂಗ್’ನಲ್ಲಿದೆ. ನ್ಯಾಟ್ ಫ್ಲೈಶರ್ 1922ರಲ್ಲಿ ಶುರು ಮಾಡಿದ ಬಾಕ್ಸಿಂಗ್ ಪತ್ರಿಕೆ ಅದು. ಕುಸ್ತಿಗೂ ಅದರಲ್ಲಿ ಜಾಗ ಇತ್ತು. ಅಲ್ಲಿ ಮುಖಪುಟಕ್ಕೆ ಚಿತ್ರ ಬರೀತಿದ್ದ ಸ್ಟ್ಯಾನ್ಲಿ ವೆಸ್ಟನ್ ಆಮೇಲೆ ತನ್ನದೇ ಪತ್ರಿಕೆಗಳನ್ನು ತಂದ. ಅರವತ್ತರ ದಶಕದಲ್ಲಿ ‘ದಿ ರೆಸ್ಲರ್’, ‘ಇನ್‌ಸೈಡ್ ರೆಸ್ಲಿಂಗ್’. 1979ರಲ್ಲಿ ‘ಪ್ರೊ ರೆಸ್ಲಿಂಗ್ ಇಲ್ಲಸ್ಟ್ರೇಟೆಡ್’. ಆಗ ಅಮೆರಿಕದ ಕುಸ್ತಿ ಕಂಪನಿಗಳು ತಂತಮ್ಮ ಪ್ರಾಂತ್ಯ ಹಂಚಿಕೊಂಡಿದ್ದವು. ಪಕ್ಕದ ಪ್ರಾಂತ್ಯದ ಪೈಲ್ವಾನ ಹೇಗಿದ್ದಾನೆ ಅಂತ ಅಭಿಮಾನಿಗೆ ತೋರಿಸಿದ್ದು ಟಿವಿಗಿಂತ ಹೆಚ್ಚಾಗಿ ಈ ಪತ್ರಿಕೆಗಳೇ.

ತೋರಿಸಿದ್ದೆಲ್ಲ ಖರೇನಾ ಅಂದ್ರೆ, ಅಲ್ಲ. ಫಲಿತಾಂಶ ಮೊದಲೇ ನಿಗದಿ ಅನ್ನೋ ಗುಟ್ಟನ್ನು ಹೊರಗಿನವರಿಂದ ಮುಚ್ಚಿಡೋದಕ್ಕೆ ಆ ಧಂದೆಯಲ್ಲಿ ‘ಕೇಫೇಬ್’ ಅಂತ ಹೆಸರು. ಪತ್ರಿಕೆಯೂ ಆ ಗುಟ್ಟಿನಲ್ಲಿ ಪಾಲುದಾರ. ಪೈಲ್ವಾನರ ಬಾಯಲ್ಲಿ ಬರೋ ಸಿಟ್ಟಿನ ಮಾತುಗಳನ್ನ ಎಷ್ಟೋ ಸಲ ಸಂಪಾದಕರು ಟೇಬಲ್ ಮುಂದೆ ಕೂತು ಹೊಸೆಯುತ್ತಿದ್ದರು. ಅದೇ ಬಳಗದ ಬಿಲ್ ಆಪ್ಟರ್ ಮುಂದೆ ಇದನ್ನ ಬಹಿರಂಗವಾಗಿಯೇ ಒಪ್ಪಿಕೊಂಡ. ನಾನು ಬಾಯಿಪಾಠ ಮಾಡಿದ ಸಂದರ್ಶನಗಳಲ್ಲಿ ಎಷ್ಟು ಅವರವೋ, ದೇವರೇ ಬಲ್ಲ.

ಎಂಬತ್ತರ ದಶಕದಲ್ಲಿ ವಿನ್ಸ್ ಮೆಕ್‌ಮಹನ್ ಪ್ರಾಂತ್ಯಗಳ ಬೇಲಿ ಕಿತ್ತ. 1983ರಲ್ಲಿ ಕಂಪನಿಯದೇ ಪತ್ರಿಕೆ ‘ವಿಕ್ಟರಿ’ ಬಂತು. ಮುಂದೆ ಅದೇ ‘ಡಬ್ಲ್ಯುಡಬ್ಲ್ಯುಎಫ್ ಮ್ಯಾಗಝೀನ್’ ಆಯ್ತು. ಹೊರಗಿನ ಪತ್ರಿಕೆಗಳ ಛಾಯಾಗ್ರಾಹಕರನ್ನು ರಿಂಗ್ ಪಕ್ಕದಿಂದ ಎಬ್ಬಿಸಿ ಕಳಿಸಿದರು. ಕಣದ ಧಣಿಯೇ ವರದಿಗಾರನೂ ಆದ ಹಾಗೆ. ಪೋಸ್ಟರ್ ಚೆನ್ನಾಗಿರ್ತಿದ್ವು, ಸುಳ್ಳು ಹೇಳಬಾರದು. ಓದೋಕೆ ಮಾತ್ರ ಏನೂ ಇರ್ತಿರಲಿಲ್ಲ. ಅತ್ತ ಕ್ಯಾಲಿಫೋರ್ನಿಯಾದಲ್ಲಿ ಡೇವ್ ಮೆಲ್ಟ್ಜರ್ ‘ರೆಸ್ಲಿಂಗ್ ಅಬ್ಸರ್ವರ್’ ಅನ್ನೋ ಸುದ್ದಿಪತ್ರದಲ್ಲಿ ಒಳಗಿನ ವ್ಯವಹಾರ ಬಿಚ್ಚಿಡತೊಡಗಿದ್ದ. 1989ರಲ್ಲಿ ಮೆಕ್‌ಮಹನ್ ಕಂಪನಿ ತಾನೇ ನ್ಯೂಜೆರ್ಸಿ ಸರ್ಕಾರದ ಮುಂದೆ ‘ಇದು ಕ್ರೀಡೆ ಅಲ್ಲ, ಮನರಂಜನೆ’ ಅಂತ ಒಪ್ಪಿಕೊಂಡಿತು. ಕ್ರೀಡಾ ಆಯೋಗದ ನಿಯಂತ್ರಣ ತಪ್ಪಿಸಿಕೊಳ್ಳೋಕೆ, ಮತ್ತೇನು! ಬೆಂಗೇರಿಗೆ ಈ ಸುದ್ದಿ ಮುಟ್ಟಲಿಲ್ಲ.

ಗುಟ್ಟು ರಟ್ಟಾದ ಮೇಲೆ ಅಭಿಮಾನಿ ಪತ್ರಿಕೆ ಏನು ಮಾಡಬೇಕು? 1991ರಲ್ಲಿ ಪಿಡಬ್ಲ್ಯುಐ 500 ಪೈಲ್ವಾನರಿಗೆ ರ‍್ಯಾಂಕ್ ಕೊಟ್ಟಿತು. ಮೊದಲನೆಯವ ಹಲ್ಕ್ ಹೋಗನ್. ಯಾರು ಗೆಲ್ಲಬೇಕು ಅಂತ ಕಂಪನಿ ಬರೆದಿಡ್ತದೆ, ಆ ಗೆಲುವನ್ನ ಇವರು ಲೆಕ್ಕಪತ್ರದವರ ಹಾಗೆ ಗಂಭೀರವಾಗಿ ಎಣಿಸ್ತಾರೆ. ಹುಚ್ಚುತನ ಅನಿಸಬಹುದು. ಆದರೆ ಆ ಪಟ್ಟಿಯ ಕೊನೇ ನೂರು ಹೆಸರುಗಳನ್ನ ಓದಿ. ಚಿಕ್ಕಚಿಕ್ಕ ಊರಿನ ಹಾಲ್‌ಗಳಲ್ಲಿ ಬೆನ್ನು ಮುರ್ಕೊಳ್ಳೋವರು; ಅವರ ಹೆಸರು ಮತ್ತೆಲ್ಲಿ ಅಚ್ಚಾಗಬೇಕು?

1999ರ ಮೇ 23. ಕ್ಯಾನ್ಸಸ್ ಸಿಟಿಯಲ್ಲಿ ಓವೆನ್ ಹಾರ್ಟ್ ಮೇಲಿಂದ ಹಗ್ಗ ಕಟ್ಟಿಕೊಂಡು ರಿಂಗಿಗೆ ಇಳಿಯಬೇಕಿತ್ತು. ಕೊಕ್ಕೆ ಬಿಚ್ಚಿಕೊಂಡು, ಸುಮಾರು 24 ಮೀಟರ್ ಎತ್ತರದಿಂದ ಬಿದ್ದು ಸತ್ತ. ಆ ರಾತ್ರಿ ಉಳಿದ ಕುಸ್ತಿಗಳು ನಡೆದವು. ಸುದ್ದಿ ಕೇಳಿ ನಮ್ಮ ಓಣಿಯಲ್ಲಿ ನಾವು ನಕ್ಕೆವು. “ಬಿಡಲೇ, ಮುಂದಿನ ವಾರ ಎದ್ದು ಬರ್ತಾನ.” ಅಂಡರ್‌ಟೇಕರ್ ಏಳು ಸಾರಿ ಎದ್ದಿದ್ದನಲ್ಲ.

ಮರುದಿನದ ಕಾರ್ಯಕ್ರಮದಲ್ಲಿ ಪೈಲ್ವಾನರು ವೇಷ ಮರೆತು ಅತ್ತರು. ಅದು ನಮ್ಮ ಟಿವಿಗೆ ಬಂದಾಗ ಅಜ್ಜನೂ ಪಕ್ಕದಲ್ಲಿ ಕೂತಿದ್ದ. “ಇದು ಆಟ ಅಲ್ಲೋ” ಅಂದ, ನನ್ನ ಕೇಳದೆಯೇ. ಆಮೇಲೆ, “ಎಷ್ಟ್ ವಯಸ್ಸು ಅಂವಂದು?” ಅಂತ ಕೇಳಿದ. ಪೆಟ್ಟಿಗೆಯ ಅಷ್ಟೂ ಕಾರ್ಡ್ ಹುಡುಕಿದೆ. ಎತ್ತರ ಇತ್ತು, ತೂಕ ಇತ್ತು. ವಯಸ್ಸಿರಲಿಲ್ಲ.

ಮೂವತ್ತನಾಲ್ಕು. ಎಷ್ಟೋ ವರ್ಷದ ಮೇಲೆ ತಿಳೀತು. ಕಂಪನಿಯ ಪತ್ರಿಕೆ 2014ರಲ್ಲಿ ನಿಂತುಹೋಯ್ತು. ಪಿಡಬ್ಲ್ಯುಐ ಇನ್ನೂ ಬರ್ತಾ ಇದೆ. ರದ್ದಿಯಿಂದ ತಂದ ಆ ಪ್ರತಿಯನ್ನ ಅಜ್ಜ ತನ್ನ ಟ್ರಂಕಿನಲ್ಲಿ ಇಟ್ಟುಕೊಂಡಿದ್ದ.