ಗ್ರಾಮ ಪಂಚಾಯಿತಿ ಕಚೇರಿಯ ಗಣಕಜಾಲ: ವ್ಯವಸ್ಥೆ, ಸುರಕ್ಷತೆ ಹಾಗೂ ಅರ್ಜಿದಾರರು ತಿಳಿದಿರಬೇಕಾದ ಅಂಶಗಳು

ಪೀಠಿಕೆ

ಶಿರಸಿ ತಾಲ್ಲೂಕಿನ ಭೈರುಂಬೆಯಂತಹ ಗ್ರಾಮಗಳಲ್ಲಿ ಮನೆ, ನಿವೇಶನ ಅಥವಾ ತೋಟದ ದಾಖಲೆ ಕೋರಿ ಸಲ್ಲಿಸುವ ಅರ್ಜಿಗಳು ಇಂದು ಗಣಕಯಂತ್ರದ ಮೂಲಕವೇ ವಿಲೇವಾರಿಯಾಗುತ್ತವೆ. ಕೈಬರಹದ ಪಹಣಿಯ ಕಾಲದಲ್ಲಿ ದಾಖಲೆಯ ರಕ್ಷಣೆಯು ಬೀರುವಿನ ಬೀಗವನ್ನು ಅವಲಂಬಿಸಿತ್ತು. ಈಗ ಅದು ಗಣಕಜಾಲದ ಸುವ್ಯವಸ್ಥೆಯನ್ನು ಅವಲಂಬಿಸಿದೆ. ಅಧಿಕೃತ ಸಿಬ್ಬಂದಿಯ ಲಾಗಿನ್ ಅನ್ಯರ ಕೈಸೇರಿದಲ್ಲಿ ಹಕ್ಕುದಾರರ ಹೆಸರೇ ಬದಲಾಗುವ ಅಪಾಯವಿರುತ್ತದೆ.

ಹಿನ್ನೆಲೆ

2000ದ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆಯಡಿ ಸುಮಾರು 67 ಲಕ್ಷ ಭೂಹಿಡುವಳಿದಾರರ ಪಹಣಿಗಳನ್ನು ಗಣಕೀಕರಿಸಲಾಯಿತು. ಯಾವ ತಿದ್ದುಪಡಿಯನ್ನು ಯಾರು ಮಾಡಿದರೆಂಬುದನ್ನು ಅಲ್ಲಗಳೆಯಲಾಗದಂತೆ ಸಿಬ್ಬಂದಿಗೆ ಬೆರಳಚ್ಚು ಆಧಾರಿತ ಲಾಗಿನ್ ಅಳವಡಿಸಲಾಯಿತು. 2013ರಲ್ಲಿ ಆರಂಭವಾದ ‘ಇ-ಸ್ವತ್ತು’ ವ್ಯವಸ್ಥೆಯಲ್ಲಿ ನಮೂನೆ-9 ಮತ್ತು 11ಕ್ಕೆ ಡಿಜಿಟಲ್ ಸಹಿ ಮಾಡಲಾಗುತ್ತದೆ. ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಸಂಪರ್ಕ ಒದಗಿಸುವ ಕೇಂದ್ರ ಯೋಜನೆಗೆ 2011ರಲ್ಲಿ ಅನುಮೋದನೆ ದೊರೆತಿದ್ದು, ನಂತರ ಅದಕ್ಕೆ ‘ಭಾರತ್‌ನೆಟ್’ ಎಂದು ಹೆಸರಿಡಲಾಯಿತು.

ಜಾಲದ ವ್ಯವಸ್ಥೆ

ಕಚೇರಿಯ ಗಣಕಯಂತ್ರಗಳು ಹಾಗೂ ಮುದ್ರಕಗಳನ್ನು ಸ್ವಿಚ್ ಒಂದಕ್ಕೆ ಜೋಡಿಸಿ, ಅಲ್ಲಿಂದ ರೂಟರ್ ಮೂಲಕ ಹೊರಗಿನ ಜಾಲಕ್ಕೆ ಸಂಪರ್ಕ ಕಲ್ಪಿಸಲಾಗುತ್ತದೆ. ಇಂತಹ ಜಾಲದಲ್ಲಿ ಈ ಕೆಳಕಂಡ ಕ್ರಮಗಳು ಅವಶ್ಯಕ.

1. ಪ್ರತಿ ಸಿಬ್ಬಂದಿಗೆ ಪ್ರತ್ಯೇಕ ಲಾಗಿನ್ ಇರಬೇಕು. ಡಿಜಿಟಲ್ ಸಹಿಯ ಸಾಧನವು ಅಧಿಕಾರಿಯ ಸ್ವಂತ ವಶದಲ್ಲಿಯೇ ಇರಬೇಕು.
2. ರೂಟರ್‌ನೊಂದಿಗೆ ಬರುವ ಮೂಲ ಪಾಸ್‌ವರ್ಡ್ ಬದಲಾಯಿಸಬೇಕು. ಸಾರ್ವಜನಿಕ ವೈ-ಫೈ ಇದ್ದಲ್ಲಿ ಅದನ್ನು ಕಚೇರಿ ಜಾಲದಿಂದ ಬೇರ್ಪಡಿಸಬೇಕು.
3. ಸ್ಥಳೀಯ ಕಡತಗಳ ಪ್ರತಿಯೊಂದನ್ನು ಜಾಲಕ್ಕೆ ಜೋಡಿಸದ ಸಾಧನದಲ್ಲಿ ಇರಿಸಬೇಕು.
4. ಮಲೆನಾಡಿನಲ್ಲಿ ಮುಂಗಾರು ಪೂರ್ವದ ಸಿಡಿಲು ಹಾಗೂ ಮಳೆಗಾಲದ ವಿದ್ಯುತ್ ವ್ಯತ್ಯಯ ಸಾಮಾನ್ಯ. ಸಮರ್ಪಕ ಅರ್ಥಿಂಗ್ ಮತ್ತು ಯುಪಿಎಸ್ ಇಲ್ಲದಿದ್ದಲ್ಲಿ ಸಿಡಿಲಿನ ಆಘಾತವು ತಾಮ್ರದ ತಂತಿಗಳ ಮೂಲಕ ಜಾಲದ ಉಪಕರಣಗಳನ್ನು ಹಾಳುಗೆಡವಬಹುದು. ಫೈಬರ್ ತಂತುವು ಸ್ವತಃ ವಿದ್ಯುತ್ ಪ್ರವಹಿಸುವುದಿಲ್ಲವಾದರೂ ಅದರ ತುದಿಯ ಉಪಕರಣಕ್ಕೆ ರಕ್ಷಣೆ ಬೇಕು.
5. ಸಿಇಆರ್‌ಟಿ-ಇನ್ 2022ರಲ್ಲಿ ಹೊರಡಿಸಿದ ನಿರ್ದೇಶನದಂತೆ ಲಾಗ್ ದಾಖಲೆಗಳನ್ನು 180 ದಿನ ಕಾಯ್ದಿರಿಸಬೇಕು. ನಿರ್ದಿಷ್ಟ ಸೈಬರ್ ಘಟನೆಗಳನ್ನು 6 ಗಂಟೆಯೊಳಗೆ ವರದಿ ಮಾಡಬೇಕು.

ಅರ್ಜಿದಾರರ ಗಮನಕ್ಕೆ

1. ಅರ್ಜಿ ಸಲ್ಲಿಸಿದ ಕೂಡಲೇ ಸಂಖ್ಯೆಯುಳ್ಳ ಸ್ವೀಕೃತಿ ಪಡೆಯತಕ್ಕದ್ದು. ಜಾಲ ಸ್ಥಗಿತಗೊಂಡಿದ್ದ ದಿನ ನೀಡಿದ ಅರ್ಜಿ ನಂತರ ದಾಖಲಾಯಿತೇ ಎಂಬುದನ್ನು ಈ ಸಂಖ್ಯೆಯಿಂದಲೇ ತಿಳಿಯಬಹುದು.
2. ಓಟಿಪಿ ನೀಡುವ ಮುನ್ನ ಅದು ಯಾವ ಸೇವೆಗೆಂದು ಸಂದೇಶದಲ್ಲಿ ಓದಿಕೊಳ್ಳತಕ್ಕದ್ದು. ದೂರವಾಣಿಯಲ್ಲಿ ಕೇಳುವವರಿಗೆ ಓಟಿಪಿ ನೀಡಬಾರದು.
3. ಕಚೇರಿಯ ಗಣಕಯಂತ್ರಕ್ಕೆ ಸ್ವಂತ ಪೆನ್‌ಡ್ರೈವ್ ಜೋಡಿಸುವಂತೆ ಒತ್ತಾಯಿಸಬಾರದು. ಒಂದು ಯಂತ್ರಕ್ಕೆ ತಗುಲಿದ ವೈರಸ್ ಇಡೀ ಜಾಲಕ್ಕೆ ಹರಡಬಹುದು.
4. ಪಹಣಿಯ 9ನೇ ಕಾಲಂನಲ್ಲಿ ಹಕ್ಕುದಾರರ ಹೆಸರು, 11ನೇ ಕಾಲಂನಲ್ಲಿ ಋಣಭಾರ ಸರಿಯಾಗಿವೆಯೇ ಎಂದು ಆಗಾಗ್ಗೆ ಪರಿಶೀಲಿಸತಕ್ಕದ್ದು. ಸಾಲ ಪಡೆಯುವಾಗ ಮಾತ್ರ ಪಹಣಿ ನೋಡುವ ರೂಢಿಯಿಂದ ವ್ಯತ್ಯಾಸಗಳು ತಡವಾಗಿ ತಿಳಿಯುತ್ತವೆ.
5. ಹಕ್ಕು ಬದಲಾವಣೆಯ ಆದೇಶದಿಂದ ಬಾಧಿತರಾದವರು ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ ಕಲಂ 136(2)ರಡಿ ಉಪವಿಭಾಗದ ಸಹಾಯಕ ಆಯುಕ್ತರಿಗೆ ಮೇಲ್ಮನವಿ ಸಲ್ಲಿಸಬಹುದು. ಭೈರುಂಬೆಯು ಶಿರಸಿ ಉಪವಿಭಾಗಕ್ಕೆ ಸೇರಿದೆ.
6. ಆನ್‌ಲೈನ್ ವಂಚನೆಯಿಂದ ಹಣ ಕಳೆದುಕೊಂಡವರು ವಿಳಂಬ ಮಾಡದೆ 1930 ಸಂಖ್ಯೆಗೆ ಕರೆ ಮಾಡತಕ್ಕದ್ದು.

ಅನ್ಯರ ಪಾಸ್‌ವರ್ಡ್ ಅಥವಾ ಡಿಜಿಟಲ್ ಸಹಿಯನ್ನು ವಂಚನೆಯಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ ಕಲಂ 66ಸಿ ಅಡಿ 3 ವರ್ಷಗಳವರೆಗಿನ ಕಾರಾವಾಸ ಮತ್ತು 1 ಲಕ್ಷ ರೂಪಾಯಿವರೆಗಿನ ದಂಡಕ್ಕೆ ಗುರಿಯಾಗುವ ಅಪರಾಧವಾಗಿರುತ್ತದೆ. ಸಾರ್ವಜನಿಕರು ಮೇಲ್ಕಂಡ ಅಂಶಗಳನ್ನು ಪಾಲಿಸಿ ಸಹಕರಿಸಲು ಕೋರಲಾಗಿದೆ.