ಒಂಬೈನೂರು ಯೂರೋ ಮತ್ತು ಕಬ್ಬನ್ ಪಾರ್ಕಿನ ಒಂದು ವಾರ

2017ರ ನವೆಂಬರ್ ಕೊನೆಯ ವಾರ. ನಾನಾಗ ಬಿ.ಎ. ಓದುತ್ತಿದ್ದೆ. ಕೆ.ಆರ್. ಪುರದಿಂದ ಬಸ್ಸಿನಲ್ಲಿ ಬೈಯಪ್ಪನಹಳ್ಳಿಗೆ ಬಂದು, ಅಲ್ಲಿ ಮೆಟ್ರೊ ಹತ್ತಿ, ಇಂದಿರಾನಗರ, ಹಲಸೂರು ದಾಟಿ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿದದ್ದು ಯೂಕಿ ಭಾಂಬ್ರಿಯವರ ಆಟ ನೋಡಲು. ಹಿಂದಿನ ವಾರವಷ್ಟೇ ಪುಣೆಯ ಚಾಲೆಂಜರ್ ಟೂರ್ನಿ ಗೆದ್ದು ಬಂದಿದ್ದ ಯೂಕಿ ಬೆಂಗಳೂರು ಓಪನ್ ಕೂಡ ಗೆಲ್ಲುತ್ತಾರೆಂದು ಎಲ್ಲರೂ ಅಂದುಕೊಂಡಿದ್ದರು. ಸೆಮಿಫೈನಲ್‌ನಲ್ಲಿ ಎದುರಿಗಿದ್ದವರು ಇಪ್ಪತ್ತು ವರ್ಷದ ಸುಮಿತ್ ನಾಗಲ್. ವಿಶ್ವ ರ‍್ಯಾಂಕಿಂಗ್ 321. ನಾಗಲ್ 6-4, 6-0ರಿಂದ ಗೆದ್ದರು. ಎರಡನೇ ಸೆಟ್‌ನಲ್ಲಿ ಯೂಕಿಗೆ ಒಂದು ಗೇಮ್ ಕೂಡ ದಕ್ಕಲಿಲ್ಲ. ಫೈನಲ್‌ನಲ್ಲಿ ಬ್ರಿಟನ್ನಿನ ಜೇ ಕ್ಲಾರ್ಕ್ ಅವರನ್ನು 6-3, 3-6, 6-2ರಿಂದ ಸೋಲಿಸಿ, ನಾಗಲ್ ತಮ್ಮ ಮೊದಲ ಚಾಲೆಂಜರ್ ಪ್ರಶಸ್ತಿ ಎತ್ತಿಕೊಂಡರು.

ಮರುದಿನದ ಪತ್ರಿಕೆಗಳಲ್ಲಿ ಫೋಟೊ ಇತ್ತು, ಅಂಕಿಗಳಿದ್ದವು. ಇತಿಹಾಸದ ವಿದ್ಯಾರ್ಥಿಯಾಗಿ ಈಗ ಹಿಂದಿರುಗಿ ನೋಡಿದರೆ ನನ್ನನ್ನು ಕಾಡುವುದು ಆ ಫೋಟೊ ಅಲ್ಲ, 14,400 ಡಾಲರ್‌ನ ಚೆಕ್ಕು ಮತ್ತು ಅದರ ಜೊತೆಗೆ ಬಂದ ರ‍್ಯಾಂಕಿಂಗ್ ಅಂಕಗಳು. ನಮ್ಮಲ್ಲಿ ಕ್ರೀಡೆಯ ಇತಿಹಾಸವೆಂದರೆ ಗೆದ್ದವರ ಪಟ್ಟಿ. ಆಟಗಾರ ಆ ಪಟ್ಟಿಗೆ ಬರುವ ಮೊದಲು ಯಾರು ಅವನ ಟಿಕೆಟ್ ಕೊಂಡರು, ಯಾವ ಊರಿನಲ್ಲಿ ಅವನಿಗೆ ಆಡಲು ಟೂರ್ನಿ ಸಿಕ್ಕಿತು ಎಂಬ ಲೆಕ್ಕವನ್ನು ಯಾರೂ ಬರೆದಿಡುವುದಿಲ್ಲ. ನಾಗಲ್ ಅವರ ವೃತ್ತಿಯ ಮೊದಲ ವರ್ಷಗಳನ್ನು ಆ ಲೆಕ್ಕದ ಪುಸ್ತಕವಾಗಿ ಓದಬಹುದು, ಮತ್ತು ಅದರ ಎರಡು ಮುಖ್ಯ ಪುಟಗಳು ಬೆಂಗಳೂರಿನವು.

ಅವರು ಆಡಿದ ಅಂಗಣ ಇರುವ ಜಾಗವನ್ನೇ ಮೊದಲು ನೋಡೋಣ. 1809ರಲ್ಲಿ ಬ್ರಿಟಿಷರು ದಂಡು ಕಟ್ಟಿದ ಮೇಲೆ ಬೆಂಗಳೂರು ಎರಡಾಯಿತು: ಪಡುವಣದಲ್ಲಿ ಪೇಟೆ, ಮೂಡಣದಲ್ಲಿ ದಂಡು. 1870ರಲ್ಲಿ ರೂಪುಗೊಂಡ ಕಬ್ಬನ್ ಪಾರ್ಕು ಇವೆರಡರ ನಡುವಿನ ಹಸಿರು ಗಡಿ. ಲಾನ್ ಟೆನಿಸ್ ಕೂಡ ಸೈನ್ಯದ ನಂಟಿನದೇ ಆಟ. 1874ರಲ್ಲಿ ಲಂಡನ್ನಿನಲ್ಲಿ ಅದಕ್ಕೆ ಪೇಟೆಂಟ್ ಪಡೆದ ಮೇಜರ್ ವಾಲ್ಟರ್ ವಿಂಗ್‌ಫೀಲ್ಡ್ ಅಶ್ವದಳದ ಅಧಿಕಾರಿ, ಭಾರತದಲ್ಲೂ ಸೇವೆ ಸಲ್ಲಿಸಿದ್ದವನು. ಬಲೆ, ಕಂಬ, ಬ್ಯಾಟು, ಚೆಂಡು ಎಲ್ಲವನ್ನೂ ಪೆಟ್ಟಿಗೆಯಲ್ಲಿ ತುಂಬಿ ಮಾರಿದ. ಆ ಪೆಟ್ಟಿಗೆ ಹಡಗು ಹತ್ತಿ ದಂಡಿನ ಊರುಗಳಿಗೆ ಬರಲು ಹೆಚ್ಚು ಕಾಲ ಹಿಡಿಯಲಿಲ್ಲ. ಬೆಂಗಳೂರಿನಲ್ಲಿ 1868ರಷ್ಟು ಹಿಂದೆಯೇ ಬೌರಿಂಗ್ ಇನ್‌ಸ್ಟಿಟ್ಯೂಟ್ ಹುಟ್ಟಿತ್ತು. ಇಂದಿನ ಬೆಂಗಳೂರು ಕ್ಲಬ್ಬಾದ ಯುನೈಟೆಡ್ ಸರ್ವಿಸಸ್ ಕ್ಲಬ್ಬಿನ ಹುಟ್ಟೂ ಅದೇ ವರ್ಷದ್ದು.

ಇಲ್ಲಿ ಒಂದು ಶಬ್ದದ ಬಗ್ಗೆ ಹೇಳಬೇಕು. ಭಾರತದ ಕ್ಲಬ್ಬುಗಳಲ್ಲಿ ‘ಮಾರ್ಕರ್’ ಎಂದು ಕರೆಸಿಕೊಳ್ಳುವ ನೌಕರರಿದ್ದರು. ಸದಸ್ಯರಿಗೆ ಜೊತೆಗಾರ ಸಿಗದಿದ್ದರೆ ಅವರೊಡನೆ ಆಡುವುದು, ಮಕ್ಕಳಿಗೆ ಹೊಡೆತ ಕಲಿಸುವುದು, ಸ್ಕೋರ್ ಎಣಿಸುವುದು ಅವರ ಕೆಲಸ. ಸಂಬಳಕ್ಕೆ ಆಡುವವರು ಎಂಬ ನೇರ ಅರ್ಥದಲ್ಲಿ ನೋಡಿದರೆ ಈ ನಾಡಿನ ಮೊದಲ ವೃತ್ತಿಪರ ಟೆನಿಸ್ ಆಟಗಾರರು ಇವರೇ. ದುಡ್ಡು ಪಡೆದು ಆಡುವವರಿಗೆ ದೊಡ್ಡ ಟೂರ್ನಿಗಳಲ್ಲಿ ಪ್ರವೇಶವಿರಲಿಲ್ಲ. 1968ರವರೆಗೆ ವಿಂಬಲ್ಡನ್ ಕೂಡ ಹವ್ಯಾಸಿಗಳದ್ದು. ಮನೆಯಲ್ಲಿ ಅನುಕೂಲವಿದ್ದವನಷ್ಟೇ ‘ಹವ್ಯಾಸಿ’ಯಾಗಿರಲು ಸಾಧ್ಯ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. 1968ರಲ್ಲಿ ಬಾಗಿಲು ತೆರೆಯಿತು. ಟೆನಿಸ್ ಒಂದು ಉದ್ಯೋಗವಾಯಿತು. ಆದರೆ ಆ ಉದ್ಯೋಗಕ್ಕೆ ಸೇರಲು ಬೇಕಾದ ಬಂಡವಾಳ ಮಾತ್ರ ಮೊದಲಿನಂತೆ ಆಟಗಾರನ ಮನೆಯದೇ ಆಗಿ ಉಳಿಯಿತು.

ನಮ್ಮ ರೋಹನ್ ಬೋಪಣ್ಣ ಅವರನ್ನೇ ತೆಗೆದುಕೊಳ್ಳಿ. 1980ರ ಮಾರ್ಚ್ 4ರಂದು ಹುಟ್ಟಿದ್ದು ಬೆಂಗಳೂರಿನಲ್ಲಿ, ಬೆಳೆದದ್ದು ಕೊಡಗಿನಲ್ಲಿ. ತಂದೆ ಕಾಫಿ ಬೆಳೆಗಾರರು. ಕೊಡಗಿನ ಹುಡುಗನಿಗೆ ಸಹಜವಾಗಿ ಹಾಕಿ, ಫುಟ್‌ಬಾಲ್ ಇಷ್ಟ. ಮಗ ಒಬ್ಬನೇ ಆಡುವ ಆಟವೊಂದನ್ನು ಕಲಿಯಲಿ ಎಂದು ತಂದೆಗೆ ಆಸೆ. ಹಾಗಾಗಿ ಹನ್ನೊಂದನೇ ವಯಸ್ಸಿಗೆ ಕೈಗೆ ರಾಕೆಟ್ ಬಂತು. ಮುಂದಿನ ತರಬೇತಿಗೆ ಹದಿಹರೆಯದಲ್ಲಿ ಹೋದದ್ದು ಬೆಂಗಳೂರಿಗಲ್ಲ, ಪುಣೆಗೆ, ನಂದನ್ ಬಾಳ್ ಅವರ ಬಳಿಗೆ. ನೂರು ವರ್ಷಕ್ಕೂ ಹಳೆಯ ಕ್ಲಬ್ಬುಗಳಿದ್ದ ಊರು ತನ್ನಲ್ಲೇ ಹುಟ್ಟಿದ ಹುಡುಗನನ್ನು ಹೀಗೆ ಹೊರಗೆ ಕಳಿಸಿತು. ಕೋರ್ಟು ಇರುವುದು ಬೇರೆ, ಆಟಗಾರನನ್ನು ಬೆಳೆಸುವುದು ಬೇರೆ. 2003ರಲ್ಲಿ ವೃತ್ತಿಪರರಾದ ಬೋಪಣ್ಣನವರ ಸಿಂಗಲ್ಸ್ ರ‍್ಯಾಂಕಿಂಗ್ 213ರಿಂದ ಮೇಲೇರಲಿಲ್ಲ. ಎಟಿಪಿ ಟೂರ್‌ನ ಮೊದಲ ಡಬಲ್ಸ್ ಪ್ರಶಸ್ತಿ ಸಿಕ್ಕಿದ್ದು 2008ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ಆಗ ವಯಸ್ಸು 28. ನಲವತ್ಮೂರನೇ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದದ್ದನ್ನು ನಾವೆಲ್ಲ ಕೊಂಡಾಡಿದೆವು. ಆ ಮೊದಲ ಐದು ವರ್ಷಗಳನ್ನು ದಾಟಿಸಿದ್ದು ಯಾವ ಹಣ ಎಂದು ಕೇಳಿದವರು ಕಡಿಮೆ.

2008 ಎಂದೆನಲ್ಲ, ಬೆಂಗಳೂರಿನ ಟೆನಿಸ್‌ಗೆ ಅದು ವಿಚಿತ್ರ ವರ್ಷ. ಮಾರ್ಚ್‌ನಲ್ಲಿ ಕಬ್ಬನ್ ಪಾರ್ಕಿನ ಇದೇ ಅಂಗಣದಲ್ಲಿ ಸೆರೆನಾ ಮತ್ತು ವೀನಸ್ ವಿಲಿಯಮ್ಸ್ ಅಕ್ಕತಂಗಿಯರು ಸೆಮಿಫೈನಲ್ ಆಡಿದರು. ಮೂರನೇ ಸೆಟ್‌ನ ಟೈಬ್ರೇಕ್‌ವರೆಗೆ ಎಳೆದ ಆ ಆಟವನ್ನು ಗೆದ್ದ ತಂಗಿ ಸೆರೆನಾ, ಫೈನಲ್‌ನಲ್ಲಿ ಪ್ಯಾಟಿ ಶ್ನೈಡರ್ ಅವರನ್ನೂ ಸೋಲಿಸಿದರು. ಪುರುಷರ ಎಟಿಪಿ ಟೂರ್ನಿಯೂ ಮುಂಬೈಯಿಂದ ಇಲ್ಲಿಗೆ ಬರುವುದೆಂದು ನಿಶ್ಚಯವಾಗಿತ್ತು. ಜುಲೈನಲ್ಲಿ ನಗರದಲ್ಲಿ ಸರಣಿ ಸ್ಫೋಟವಾಯಿತು. ಭದ್ರತೆಯ ಕಾರಣಕ್ಕೆ ಪುರುಷರ ಟೂರ್ನಿ ರದ್ದಾಯಿತು. ಮಹಿಳೆಯರ ಟೂರ್ನಿಯೂ ಮುಂದುವರಿಯಲಿಲ್ಲ. ಇಂಥ ಟೂರ್ನಿಗಳು ಊರಿಗೆ ಹಬ್ಬದಂತೆ ಬಂದು ಹಬ್ಬದಂತೆ ಹೋಗುತ್ತವೆ. ರ‍್ಯಾಂಕಿಂಗ್‌ನಲ್ಲಿ ಐನೂರರ ಆಚೆ ಇರುವ ಸ್ಥಳೀಯ ಹುಡುಗನಿಗೆ ಅವುಗಳಲ್ಲಿ ಸಿಗುವುದು ಹೆಚ್ಚೆಂದರೆ ಒಂದು ವೈಲ್ಡ್ ಕಾರ್ಡ್, ಒಂದು ಸೋಲು, ಒಂದು ಫೋಟೊ.

ಅದೇ ಹೊತ್ತಿಗೆ ಮಹೇಶ್ ಭೂಪತಿಯವರು ಅಪೊಲೊ ಟೈರ್ಸ್ ಕಂಪನಿಯೊಂದಿಗೆ ‘ಮಿಷನ್ 2018’ ಎಂಬ ಯೋಜನೆ ಶುರುಮಾಡಿದ್ದರು. ದೇಶದ ಮಕ್ಕಳನ್ನು ಆರಿಸಿ ತರಬೇತಿ ಕೊಟ್ಟು, ಹತ್ತು ವರ್ಷದಲ್ಲಿ ಭಾರತಕ್ಕೊಬ್ಬ ಗ್ರ್ಯಾಂಡ್ ಸ್ಲಾಮ್ ಸಿಂಗಲ್ಸ್ ಚಾಂಪಿಯನ್ ಕೊಡುವುದು ಗುರಿ. ಚಾಂಪಿಯನ್ ಎಂಬುವನು ಮೇಲ್ಸೇತುವೆಯಂತೆ ಗಡುವಿನೊಳಗೆ ಕಟ್ಟಿ ಮುಗಿಸಬಹುದಾದ ವಸ್ತು ಎಂದು ನಂಬಿದ್ದ ಕಾಲ ಅದು. (ಈ ಊರಿನ ಮೇಲ್ಸೇತುವೆಗಳ ಗಡುವನ್ನು ಬಲ್ಲವರು ನಗಬಹುದು.)

ದೆಹಲಿಯಲ್ಲಿ ನಡೆದ ಆಯ್ಕೆಗೆ ಬಂದ ಮಕ್ಕಳಲ್ಲಿ ಹತ್ತರ ಆಸುಪಾಸಿನ ಸುಮಿತ್ ಇದ್ದ. ಹರಿಯಾಣದ ಝಜ್ಜರ್ ಜಿಲ್ಲೆಯ ಜೈತ್‌ಪುರ ಎಂಬ ಹಳ್ಳಿಯವನು. ತಂದೆ ಸುರೇಶ್ ನಾಗಲ್ ಶಾಲಾ ಮೇಷ್ಟ್ರು. ಮೇಷ್ಟ್ರ ಸಂಬಳದಲ್ಲಿ ನಡೆಯುವ ಆಟವಲ್ಲ ಇದು. ಆ ದಿನದ ಕತೆಯನ್ನು ನಾಗಲ್ ಸಂದರ್ಶನದಲ್ಲಿ ಹೇಳಿಕೊಂಡಿದ್ದಾರೆ: ತನ್ನ ಕಡೆ ಯಾರೂ ನೋಡುತ್ತಿಲ್ಲ ಎನಿಸಿ, ಕಾದು ಸಾಕಾಗಿ, ಕುಳಿತಿದ್ದ ಭೂಪತಿಯವರ ಬಳಿಗೆ ಹೋಗಿ ಕೈ ಹಿಡಿದೆಳೆದು ನನ್ನ ಆಟ ನೋಡಿ ಎಂದು ಕೇಳಿದರಂತೆ. ಅವರು ಎದ್ದು ಬಂದು ನೋಡಿದರು. ಹುಡುಗ ಬೆಂಗಳೂರಿಗೆ ಬಂದ. ಬೋಪಣ್ಣ ಈ ಊರು ಬಿಟ್ಟು ಆಟ ಕಲಿಯಲು ಹೋದರೆ, ಒಂದೂವರೆ ದಶಕದ ನಂತರ ಝಜ್ಜರ್‌ನ ಹುಡುಗನೊಬ್ಬ ಆಟ ಕಲಿಯಲು ಇದೇ ಊರಿಗೆ ಬಂದ. ಲೆಕ್ಕದ ಪುಸ್ತಕದ ಮೊದಲ ಬೆಂಗಳೂರು ಪುಟ ಇದು.

ಪುಟ ಬೇಗನೆ ಮುಗಿಯಿತು. ಮಿಷನ್ 2018 ತನ್ನ ಹೆಸರಿನ ವರ್ಷವನ್ನು ಮುಟ್ಟದೆ ನಡುವೆಯೇ ನಿಂತಿತು. ಅಲ್ಲಿದ್ದ ಬಹುತೇಕ ಮಕ್ಕಳ ದಾರಿ ಎಲ್ಲಿಗೆ ತಿರುಗಿತೋ ಪತ್ರಿಕೆಗಳು ಹೇಳುವುದಿಲ್ಲ. ನಾಗಲ್‌ಗೆ ಭೂಪತಿಯವರ ಬೆಂಬಲ ಮುಂದುವರಿಯಿತು. ಹದಿಮೂರರ ಸುಮಾರಿಗೆ ಕೋಚ್ ಬಾಬ್ಬಿ ಮಹಲ್ ಅವರೊಡನೆ ಕೆನಡಾ, ಆಮೇಲೆ ಜರ್ಮನಿ. 2015ರಲ್ಲಿ ವಿಯೆಟ್ನಾಮಿನ ಲೀ ಹೊಆಂಗ್ ನಾಮ್ ಜೊತೆ ವಿಂಬಲ್ಡನ್ ಬಾಲಕರ ಡಬಲ್ಸ್ ಗೆದ್ದರು. ಅದೇ ವರ್ಷ ವೃತ್ತಿಪರರಾದರು.

ಇಲ್ಲಿಂದ ಮುಂದಿನದು ಬರೀ ಅಂಕಗಣಿತ. ಹೊಸಬ ಆಡುವುದು ಆಗ ‘ಫ್ಯೂಚರ್ಸ್’ ಎನ್ನುತ್ತಿದ್ದ ಟೂರ್ನಿಗಳಲ್ಲಿ. 2017ರಲ್ಲಿ 15,000 ಡಾಲರ್‌ನ ಫ್ಯೂಚರ್ಸ್ ಗೆದ್ದರೆ 18 ರ‍್ಯಾಂಕಿಂಗ್ ಅಂಕ, 2,160 ಡಾಲರ್. ಮೊದಲ ಸುತ್ತಿನಲ್ಲೇ ಸೋತರೆ 156 ಡಾಲರ್. ಆ 156ರಲ್ಲಿ ವಿಮಾನದ ಟಿಕೆಟ್, ರೂಮು, ಊಟ, ರಾಕೆಟ್‌ಗೆ ಹೊಸ ತಂತಿ, ಕೋಚ್ ಜೊತೆಗಿದ್ದರೆ ಅವರ ಖರ್ಚು ಎಲ್ಲವೂ ಆಗಬೇಕು. ಜೊತೆಗೆ ಇನ್ನೊಂದು ಕ್ರೂರ ನಿಯಮ: ಪ್ರತಿ ಅಂಕಕ್ಕೂ ಆಯುಸ್ಸು 52 ವಾರ ಮಾತ್ರ. ಕಳೆದ ವರ್ಷ ಈ ವಾರ ಗಳಿಸಿದ್ದನ್ನು ಈ ವರ್ಷ ಮತ್ತೆ ಗಳಿಸದಿದ್ದರೆ ಅದು ಖಾತೆಯಿಂದ ಹೋಗುತ್ತದೆ. ಬಡ್ಡಿಯಿಲ್ಲದ ಬ್ಯಾಂಕ್ ಕೇಳಿದ್ದೇವೆ. ಅಸಲನ್ನೇ ತಿನ್ನುವ ಬ್ಯಾಂಕ್ ಇದು.

ಫ್ಯೂಚರ್ಸ್‌ಗಿಂತ ಒಂದು ಮೆಟ್ಟಿಲು ಮೇಲಿರುವುದು ಚಾಲೆಂಜರ್. ಬೆಂಗಳೂರು ಓಪನ್ ಒಂದು ಲಕ್ಷ ಡಾಲರ್‌ನ ಚಾಲೆಂಜರ್ ಆಗಿತ್ತು. ಗೆದ್ದವರಿಗೆ 100 ಅಂಕ. ಅಂದರೆ ಐದು ಫ್ಯೂಚರ್ಸ್ ಗೆದ್ದರೂ ಸಿಗದಷ್ಟು ಅಂಕ ಕಬ್ಬನ್ ಪಾರ್ಕಿನಲ್ಲಿ ಒಂದೇ ವಾರದಲ್ಲಿ, ಅದೂ ವೀಸಾ ಬೇಡದೆ, ಮನೆಯ ಊಟದ ದೂರದಲ್ಲಿ. ಯುರೋಪಿನ ಆಟಗಾರ ರೈಲು ಹತ್ತಿ ವಾರಕ್ಕೊಂದು ಚಾಲೆಂಜರ್ ಆಡಬಲ್ಲ. ಭಾರತದ ಹುಡುಗ ಅದಕ್ಕೆ ಖಂಡ ದಾಟಬೇಕು. ಸೆರೆನಾ ಬಂದುಹೋದದ್ದಕ್ಕಿಂತ ಈ ಸದ್ದಿಲ್ಲದ ಚಾಲೆಂಜರ್ ವಾರವೇ ನಮ್ಮ ಟೆನಿಸ್‌ಗೆ ಹೆಚ್ಚು ಉಪಕಾರ ಮಾಡಿದೆ ಎಂದು ನಾನು ವಾದಿಸುತ್ತೇನೆ. ಮರುವರ್ಷ ಇದೇ ಟೂರ್ನಿಯನ್ನು ಗೆದ್ದವರು ಚೆನ್ನೈನ ಪ್ರಜ್ಞೇಶ್ ಗುಣೇಶ್ವರನ್. 2019ರಲ್ಲಿ ಅವರು ನೂರರೊಳಗಿನ ರ‍್ಯಾಂಕಿಂಗ್ ತಲುಪಿದರು.

ಆದರೆ ನಾಗಲ್‌ಗೆ 2018 ಕೈಕೊಟ್ಟಿತು. ಗೆಲುವುಗಳು ನಿಂತವು, 52 ವಾರ ತುಂಬಿದಾಗ ಬೆಂಗಳೂರಿನ ನೂರು ಅಂಕಗಳೂ ಹೋದವು. ಭಾರತಕ್ಕೆ ಸಿಂಗಲ್ಸ್ ಚಾಂಪಿಯನ್ ಸಿಗಬೇಕಿದ್ದ ವರ್ಷದಲ್ಲಿ, ಆ ಯೋಜನೆಯ ಅತಿ ಪ್ರಸಿದ್ಧ ಹುಡುಗ ಮತ್ತೆ ಕೆಳಗಿನ ಮೆಟ್ಟಿಲಲ್ಲಿ ನಿಂತಿದ್ದ. 2019ರ ಆರಂಭದಲ್ಲಿ ಟೂರ್ನಿ ಮುಗಿಸಿ ಕೆನಡಾದಿಂದ ಜರ್ಮನಿಗೆ ಹೋಗುವಾಗ ಜೇಬಿನಲ್ಲಿದ್ದದ್ದು ಆರು ಡಾಲರ್ ಎಂದು ಅವರು ಆಮೇಲೆ ಹೇಳಿದರು. 2017ರಿಂದ ನೆರವು ಕೊಡುತ್ತಿದ್ದ ವಿರಾಟ್ ಕೊಹ್ಲಿ ಪ್ರತಿಷ್ಠಾನವನ್ನೂ ಆ ಸಂದರ್ಭದಲ್ಲಿ ನೆನೆದರು. ಬೆಂಗಳೂರಿನ ಕ್ರಿಕೆಟ್ ಹುಚ್ಚಿನ ಬಗ್ಗೆ ಗೊಣಗುವ ಟೆನಿಸ್ ಪ್ರಿಯರು ಗಮನಿಸಬೇಕು: ಒಬ್ಬ ಟೆನಿಸ್ ಆಟಗಾರನ ಖರ್ಚಿಗೆ ಒದಗಿದ್ದು ಕ್ರಿಕೆಟ್ಟಿನ ಹಣ.

ಅದೇ ವರ್ಷದ ಆಗಸ್ಟ್‌ನಲ್ಲಿ, ರ‍್ಯಾಂಕಿಂಗ್ 190, ಅರ್ಹತಾ ಸುತ್ತು ದಾಟಿ ಅಮೆರಿಕ ಓಪನ್ ಪ್ರಧಾನ ಹಂತಕ್ಕೆ ಬಂದಾಗ ಮೊದಲ ಎದುರಾಳಿ ರೋಜರ್ ಫೆಡರರ್. ಆರ್ಥರ್ ಆಶ್ ಅಂಗಣದ ದೀಪಗಳ ಕೆಳಗೆ ನಾಗಲ್ ಮೊದಲ ಸೆಟ್ 6-4ರಿಂದ ಗೆದ್ದರು. ಉಳಿದ ಮೂರನ್ನು 1-6, 2-6, 4-6ರಿಂದ ಸೋತರು. ದೇಶವಿಡೀ ಆ ಒಂದು ಸೆಟ್ ಬಗ್ಗೆ ಮಾತಾಡಿತು. ನಮ್ಮ ಪುಸ್ತಕದಲ್ಲಿ ಗುರುತು ಹಾಕಬೇಕಾದ್ದು ಬೇರೆ: ಆ ಸೋಲಿಗೆ ಸಿಕ್ಕಿದ್ದು 58,000 ಡಾಲರ್. ಬೆಂಗಳೂರಿನ ಗೆಲುವಿಗಿಂತ ನಾಲ್ಕು ಪಟ್ಟು.

ಹಾಗಿದ್ದರೆ ಕಷ್ಟ ತೀರಿತಲ್ಲ ಎನ್ನಬಹುದು. ತೀರಲಿಲ್ಲ. 2020ರ ಅಮೆರಿಕ ಓಪನ್‌ನಲ್ಲಿ ಬ್ರಾಡ್ಲಿ ಕ್ಲಾನ್ ಅವರನ್ನು ಸೋಲಿಸಿದಾಗ, ಏಳು ವರ್ಷಗಳ ಬಳಿಕ ಭಾರತೀಯನೊಬ್ಬ ಗ್ರ್ಯಾಂಡ್ ಸ್ಲಾಮ್ ಸಿಂಗಲ್ಸ್‌ನ ಪ್ರಧಾನ ಹಂತದಲ್ಲಿ ಪಂದ್ಯ ಗೆದ್ದಂತಾಯಿತು. 2021ರಲ್ಲಿ ಸೊಂಟದ ಶಸ್ತ್ರಚಿಕಿತ್ಸೆ. ಆಡದ ವಾರಗಳಲ್ಲಿ ಅಂಕವೂ ಇಲ್ಲ, ಹಣವೂ ಇಲ್ಲ. 2023ರಲ್ಲಿ ರೋಮ್ ಮತ್ತು ಫಿನ್ಲೆಂಡಿನ ಟ್ಯಾಂಪೆರೆಯಲ್ಲಿ ಚಾಲೆಂಜರ್ ಗೆದ್ದರು. ಆ ಹೊತ್ತಿಗೆ ಸಿಂಗಲ್ಸ್‌ನಲ್ಲಿ ಭಾರತದ ಮೊದಲ ಆಟಗಾರ ಅವರೇ. ಸೆಪ್ಟೆಂಬರ್‌ನಲ್ಲಿ ಪಿಟಿಐ ಸುದ್ದಿಸಂಸ್ಥೆಯೊಂದಿಗೆ ಮಾತಾಡುತ್ತ ತಮ್ಮ ಬ್ಯಾಂಕ್ ಖಾತೆಯಲ್ಲಿ ಉಳಿದಿರುವುದು 900 ಯೂರೋ ಎಂದರು. ಅಂದಿನ ದರದಲ್ಲಿ ಸುಮಾರು 80,000 ರೂಪಾಯಿ. ಒಬ್ಬ ಕೋಚ್ ಜೊತೆ ವರ್ಷವಿಡೀ ಪ್ರವಾಸ ಮಾಡಲು 80 ಲಕ್ಷದಿಂದ ಒಂದು ಕೋಟಿ ರೂಪಾಯಿ ಬೇಕು, ಗೆದ್ದದ್ದೆಲ್ಲ ಮತ್ತೆ ಆಟಕ್ಕೇ ಹೋಗುತ್ತದೆ ಎಂದೂ ಹೇಳಿದರು.

ಸುದ್ದಿ ಓದಿದ ದಿನ ನನಗೆ ನೆನಪಾದವರು ಮಾರ್ಕರ್‌ಗಳು. ತಿಂಗಳ ಕೊನೆಗೆ ಅವರಿಗೊಂದು ಸಂಬಳ ಖಾತ್ರಿಯಿತ್ತು. ಗೌರವ ಇರಲಿಲ್ಲ, ಟೂರ್ನಿ ಇರಲಿಲ್ಲ. ನಾಗಲ್‌ಗೆ ಟೂರ್ನಿಯಿದೆ, ಗೌರವವಿದೆ. ಹೋಲಿಕೆ ಸ್ವಲ್ಪ ಅತಿಯಾಯಿತು, ಗೊತ್ತು. ಆದರೂ ಟೆನಿಸ್ ‘ಉದ್ಯೋಗ’ವಾಗಿ ಅರ್ಧ ಶತಮಾನ ದಾಟಿದ ಮೇಲೆ ದೇಶದ ಅತ್ಯುತ್ತಮ ಆಟಗಾರ ತನ್ನ ಉಳಿತಾಯವನ್ನು ಸಾರ್ವಜನಿಕವಾಗಿ ಹೇಳಿಕೊಳ್ಳಬೇಕಾಯಿತು.

ನಾಲ್ಕು ತಿಂಗಳ ನಂತರ, 2024ರ ಜನವರಿಯಲ್ಲಿ, ಮೆಲ್ಬರ್ನ್‌ನಲ್ಲಿ ಮತ್ತೆ ಅರ್ಹತಾ ಸುತ್ತಿನಿಂದ ಬಂದ ನಾಗಲ್ 31ನೇ ಶ್ರೇಯಾಂಕದ ಅಲೆಕ್ಸಾಂಡರ್ ಬುಬ್ಲಿಕ್ ಅವರನ್ನು ನೇರ ಸೆಟ್‌ಗಳಲ್ಲಿ ಸೋಲಿಸಿದರು. ಗ್ರ್ಯಾಂಡ್ ಸ್ಲಾಮ್ ಸಿಂಗಲ್ಸ್‌ನಲ್ಲಿ ಶ್ರೇಯಾಂಕಿತ ಆಟಗಾರನೊಬ್ಬನನ್ನು ಭಾರತೀಯ ಸೋಲಿಸಿದ್ದು 1989ರಲ್ಲಿ ರಮೇಶ್ ಕೃಷ್ಣನ್ ಮ್ಯಾಟ್ಸ್ ವಿಲಾಂಡರ್ ಅವರನ್ನು ಮಣಿಸಿದ ನಂತರ ಅದೇ ಮೊದಲು. ಎರಡನೇ ಸುತ್ತಿನಲ್ಲಿ ಸೋತರೂ ಸಿಕ್ಕಿದ್ದು 1,80,000 ಆಸ್ಟ್ರೇಲಿಯನ್ ಡಾಲರ್. ಫೆಬ್ರುವರಿ ಎರಡನೇ ವಾರ ಚೆನ್ನೈ ಚಾಲೆಂಜರ್ ಗೆದ್ದರು. ಮರುದಿನ ಬಂದ ರ‍್ಯಾಂಕಿಂಗ್ ಪಟ್ಟಿಯಲ್ಲಿ ಮೊದಲ ಬಾರಿಗೆ ನೂರರೊಳಗೆ, 98ನೇ ಸ್ಥಾನ.

ಆ ಸೋಮವಾರವೇ ಬೆಂಗಳೂರು ಓಪನ್ ಶುರುವಾಯಿತು. ಈ ಸಲ ಕೆ.ಆರ್. ಪುರದಿಂದಲೇ ನೇರ ಮೆಟ್ರೊ ಇತ್ತು. ನಾಗಲ್ ಸೆಮಿಫೈನಲ್‌ವರೆಗೆ ಬಂದು ಇಟಲಿಯ ಸ್ಟೆಫಾನೊ ನಪೊಲಿಟಾನೊ ಅವರಿಗೆ ಸೋತರು. ಟೂರ್ನಿ ಗೆದ್ದವರೂ ನಪೊಲಿಟಾನೊ ಅವರೇ.